ಡಾಕ್ಟರರ ಗೋಡೆಯ ಖಾಲಿ ಚೌಕ

ಸಿದ್ದಾಪುರದ ನಮ್ಮ ಡಾಕ್ಟರರ ಬಲಗೈ ಬೆರಳುಗಳ ಮೇಲೆ ಸದಾ ಮೈದಾ ಅಂಟು ಒಣಗಿ ಪೊರೆಗಟ್ಟಿರುತ್ತಿತ್ತು. ನಾಡಿ ಹಿಡಿದರೆ ರೋಗಿಯ ಮಣಿಕಟ್ಟಿಗೂ ಒಂದಿಷ್ಟು ಮೆತ್ತಿಕೊಳ್ಳುತ್ತಿತ್ತು. ಅವರ ಹುಚ್ಚು ಊರಿಗೆಲ್ಲ ಗೊತ್ತಿದ್ದರಿಂದ ಯಾರೂ ಬೇಸರಿಸುತ್ತಿರಲಿಲ್ಲ.

ಮಲೇರಿಯಾ ಪೋಸ್ಟರುಗಳನ್ನು ಮಗುಚಿ ಅಂಟಿಸಿ ದವಾಖಾನೆಯ ಒಂದು ಗೋಡೆಯ ತುಂಬ ನಕ್ಷೆ ಬರೆದಿದ್ದರು. ಊರಿನ ನಕ್ಷೆಯಲ್ಲ, ಡಾಕ್ಟರಿ ಕಲಿಸುವುದು ಹೇಗೆಂದು ಲೋಕದಲ್ಲಿ ಯಾರು ಯಾರು ಏನೇನು ಬರೆದಿದ್ದಾರೆ ಎಂಬುದರ ನಕ್ಷೆ. ಅಂಚೆಯಲ್ಲಿ ಬರುವ ಹಳೆಯ ವೈದ್ಯ ಪತ್ರಿಕೆಗಳನ್ನು ಓದಿ, ವಿಷಯಕ್ಕೊಂದು ಚೌಕ ಹಾಕಿ, ಒಳಗೆ ಪಂಡಿತರ ಹೆಸರಿನ ಚೀಟಿ ಅಂಟಿಸುವರು. ಒಬ್ಬರು ಇನ್ನೊಬ್ಬರ ಮಾತು ಎತ್ತಿದ್ದರೆ ನಡುವೆ ಕೆಂಪು ಗೆರೆ. ಜ್ವರದ ಔಷಧಿಗೆ ಹೋದವರು ಪರದೇಶದ ಪ್ರೊಫೆಸರುಗಳ ಜಗಳವನ್ನೂ ಕೇಳಿಕೊಂಡು ಬರುತ್ತಿದ್ದರು.

ಅರವತ್ತರ ದಶಕದ ಆರಂಭ. ದೂರದ ಕಾಲೇಜಿನಲ್ಲಿ ಡಾಕ್ಟರಿ ಓದುತ್ತಿದ್ದ ನಾನು ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದೆ. ಎಲ್ಲಿ ನೋವೆಂದು ಕೇಳದೆ ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟು, ನೋವಿದ್ದಲ್ಲೇ ಒತ್ತಿಬಿಟ್ಟಿದ್ದೆ. ಆತ ಚೀರಿದ. ಅಡುಗೆಮನೆಯೇ ನಿನಗೆ ಸರಿ ಎಂದು ಪರೀಕ್ಷಕರು ಎಲ್ಲರೆದುರು ಹೇಳಿದರು. ಟ್ರಂಕು ಕಟ್ಟಿಕೊಂಡು ಊರಿಗೆ ಬಂದೆ, ಇನ್ನು ಓದುವುದಿಲ್ಲವೆಂದೆ. ಮನೆಯಲ್ಲಿ ಜಾತಕ ಹೊರಬಂತು.

ಅಮ್ಮನ ಔಷಧಿಗೆಂದು ಹೋದಾಗ ಡಾಕ್ಟರರು ವಿಷಯ ಬಾಯಿಬಿಡಿಸಿದರು. ಹೇಳುತ್ತ ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ನಕ್ಷೆಯೆದುರು ನಿಲ್ಲಿಸಿ, ಹೆಸರುಗಳಿಂದ ಕಿಕ್ಕಿರಿದ ಒಂದು ಚೌಕವನ್ನೂ ಅದರ ಪಕ್ಕದ ಖಾಲಿ ಚೌಕವನ್ನೂ ತೋರಿಸಿದರು.

“ಕಲಿಯೋ ಹುಡುಗ್ರಿಗೆ ಪರೀಕ್ಷೆ ಹ್ಯಾಂಗೆ ಮಾಡವು ಹೇಳಿ ಇಷ್ಟು ಜನ ಬರದ್ದ. ತಪ್ಪು ಮಾಡಿದವಕ್ಕೆ ಎಂತ ಹೇಳವು ಹೇಳಿ ಒಬ್ರೂ ಬರದ್ದಿಲ್ಲೆ, ತಂಗಿ.”

ಆಮೇಲೆ ತಮ್ಮದೇ ಓದಿನ ಕಾಲದ ಮಾತು ತೆಗೆದರು: “ಆನೂ ಹೀಂಗೇ ಒತ್ತಿದ್ದಿ. ಮೇಷ್ಟ್ರು ಬೈದಿದ್ದು ಇವತ್ತಿಗೂ ನೆನಪಿದ್ದು. ಆ ರೋಗಿಗೆ ಎಂತ ಆಗಿತ್ತು ಹೇಳಿ ಮಾತ್ರ ನೆನಪಿಲ್ಲೆ.”

ಹೊಟ್ಟೆನೋವೆಂದು ಹೊರಗೆ ಕಾಯುತ್ತಿದ್ದ ಅಜ್ಜಿಯೊಬ್ಬಳನ್ನು ಕರೆದು ನನಗೊಪ್ಪಿಸಿದರು. ಎಲ್ಲಿ ನೋವೆಂದು ಮೊದಲು ಕೇಳಿದೆ, ಆ ಜಾಗವನ್ನು ಕಟ್ಟಕಡೆಗೆ ಮುಟ್ಟಿದೆ. ಒತ್ತದೆ ಕೈ ಹಿಂದಕ್ಕೆಳೆದುಕೊಂಡೆ. ಅಜ್ಜಿಯೇ ಅದನ್ನು ಹಿಡಿದು, “ಹೆದರಡ, ನೋಡು” ಎಂದಳು. ಸೋಮವಾರದ ಬಸ್ಸಿಗೆ ಕಾಲೇಜಿಗೆ ಮರಳಿದೆ.

ಕೆಲವು ವರ್ಷಗಳ ಮೇಲೆ ಡಾಕ್ಟರರು ತೀರಿಕೊಂಡ ಸುದ್ದಿ ತಲುಪಿದಾಗ ನಾನು ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹನ್ನೊಂದನೆಯ ದಿನವೂ ಕಳೆದಿತ್ತು. ಫೇಲಾದದ್ದನ್ನು ನಾನು ಅಲ್ಲಿ ಯಾರೆದುರೂ ಎತ್ತಿರಲಿಲ್ಲ. ಅದರ ಜೊತೆಗೆ ಅವರ ಋಣವನ್ನೂ ಮುಚ್ಚಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಆ ದಿನ ತರಗತಿಗೆ ಹೋದವಳು, ಹಾಜರಿ ಕರೆಯುವ ಮೊದಲೇ ನಾನು ಫೇಲಾದದ್ದು, ಡಾಕ್ಟರರು, ಆ ಖಾಲಿ ಚೌಕ, ಎಲ್ಲವನ್ನೂ ಹುಡುಗರಿಗೆ ಹೇಳಿಬಿಟ್ಟೆ.