ತುಳಸಮ್ಮ ಹಂದಿಮರಿಗೆ ನೀರು ಹಾಕಿದ್ದು

ಚಾಮರಾಜಪೇಟೆಯಲ್ಲಿ ಇವತ್ತು ನಲವತ್ತು ದಾಟಿ ಬೊಜ್ಜು ಬೆಳೆಸಿಕೊಂಡಿರುವ ಎಷ್ಟೋ ಗಂಡಸರು ಒಂದು ಕಾಲಕ್ಕೆ ತುಳಸಮ್ಮನ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿ ಅರಚಿದವರು. ಅವರಲ್ಲಿ ಬ್ಯಾಂಕ್ ಮ್ಯಾನೇಜರಿದ್ದಾರೆ, ಸಂಘದ ಅಧ್ಯಕ್ಷರಿದ್ದಾರೆ, ಸಿಕ್ಕಿದ ಮೈಕು ಬಿಡದ ಒಬ್ಬಿಬ್ಬರು ಮುಖಂಡರೂ ಇದ್ದಾರೆ. ಎಲ್ಲರೂ ಆ ಕಾಲುಗಳ ಮೇಲೆ ಉಚ್ಚೆ ಹೊಯ್ದವರೇ. ಅಂಥವರು ಈಗ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೈಮುಗಿದರೆ ತುಳಸಮ್ಮ ಮೊದಲು ನೋಡುವುದು ಮೂಗನ್ನು. ಅದು ನೆಟ್ಟಗಿದ್ದರೆ ಆಕೆಗೆ ಸಮಾಧಾನ. ಆ ಮನುಷ್ಯ ನೆಟ್ಟಗಿದ್ದಾನೋ ಇಲ್ಲವೋ ಅದು ಆಕೆಯ ಜವಾಬ್ದಾರಿಯಲ್ಲ.

ಹಸುಗೂಸಿಗೆ ನೀರು ಹಾಕುವುದು ತುಳಸಮ್ಮನ ಕಸುಬು. ಎಣ್ಣೆ ಹಚ್ಚಿ, ಕೈಕಾಲು ನೀವಿ, ಮೂಗು ತೀಡಿ, ಹಂಡೆಯ ಬಿಸಿನೀರು ಸುರಿದು, ಸಾಂಬ್ರಾಣಿ ಹೊಗೆ ತೋರಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಕೂಸು ಮೂರು ಗಂಟೆ ಮಿಸುಕಬಾರದು. ಜೊತೆಗೆ ಬಾಣಂತಿಯ ಬೆನ್ನು, ಸೊಂಟ, ಎದೆ ನೀವುವ ಕೆಲಸ. ಎಪ್ಪತ್ತೆರಡು ವಯಸ್ಸಾದರೂ ದಿನಕ್ಕೆ ಎರಡು ಮನೆ ಇವೆ, ಒಂದು ಬಸವನಗುಡಿಯಲ್ಲಿ, ಒಂದು ತ್ಯಾಗರಾಜನಗರದಲ್ಲಿ. ಈಗಿನ ಮಕ್ಕಳ ಡಾಕ್ಟರುಗಳು ಮೂಗು ತೀಡಬೇಡಿ, ಹೊಗೆ ಹಾಕಬೇಡಿ ಎಂದು ಚೀಟಿ ಬರೆದುಕೊಡುತ್ತಾರೆ. ತುಳಸಮ್ಮ ಅದನ್ನು ಒಲೆ ಹೊತ್ತಿಸಲು ಬಳಸುತ್ತಾಳೆ. ತಾನು ನೀರು ಹಾಕಿದ ಕೂಸು ಇದುವರೆಗೆ ಒಂದೂ ಕೆಟ್ಟಿಲ್ಲ ಎಂಬುದು ಆಕೆಯ ಆಸ್ತಿ, ಆಕೆಯ ಅಹಂಕಾರ. ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಆ ಅಹಂಕಾರ ಹೋಗಿ ಒಂದು ಹಂದಿಮರಿಯ ಉಸಿರಿಗೆ ನೇತುಬಿತ್ತು.

ಆಕೆ ಇರುವುದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ, ಹಿಂದುಗಡೆ ಸೌದೆ ಒಟ್ಟಿಡಲು ತಗಡಿನ ಶೆಡ್ಡು. ಎಲ್ಲರ ಮನೆಗೂ ಗೀಸರು ಬಂದ ಮೇಲೂ ಸೌದೆ ಒಲೆ ಬಿಡದವಳು ಆಕೆಯೊಬ್ಬಳೇ. ಬೆಳಿಗ್ಗೆ ಆರೂವರೆಗೆ ಸೌದೆಗೆ ಹೋದರೆ ಶೆಡ್ಡಿನೊಳಗೆ ಒಂದು ಹಂದಿ ಅಡ್ಡಬಿದ್ದು ಈದಿತ್ತು. ಎಡಗಿವಿ ಹರಿದದ್ದರಿಂದ ಗುರುತು ಸಿಕ್ಕಿತು. ರೈಲು ಹಳಿಯ ಆಚೆ ಹಂದಿ ಸಾಕುವ ಶಶಿಕುಮಾರನದು ಅದು. ಒಂಬತ್ತು ಕರೀ ಮರಿಗಳು. ಮೈಮೇಲೆ ಕೂದಲು ನೆಪಕ್ಕೆ ಮಾತ್ರ, ಲೋಳೆ ಇನ್ನೂ ಆರಿಲ್ಲ, ಒಂಬತ್ತೂ ಗಡಗಡ ನಡುಗುತ್ತಿವೆ. ಬಾಯಿ ಬಿಟ್ಟರೆ ಹೊಗೆ ಬರುವಷ್ಟು ಚಳಿ.

ಬೇರೆ ಯಾರಾದರೂ ಆಗಿದ್ದರೆ ಕಾರ್ಪೊರೇಷನ್ನಿಗೆ ಫೋನು ಮಾಡುತ್ತಿದ್ದರು. ಆ ವಠಾರದವರು ಹಂದಿ ಎಂಬ ಮಾತು ಬಾಯಿಗೆ ಬಂದರೂ ಬಾಯಿ ಮುಕ್ಕಳಿಸುವ ಮಂದಿ. ತುಳಸಮ್ಮನೂ ಮಾಂಸ ಮುಟ್ಟಿದವಳಲ್ಲ. ಆದರೆ ಕಸುಬು ಕೈಗೆ ಹತ್ತಿದ ಮೇಲೆ ಕೈ ತಲೆಯನ್ನು ಕೇಳುವುದಿಲ್ಲ. ನಡುಗುವ ಹಸುಗೂಸು ಕಂಡರೆ ಆ ಕೈಗೆ ತೋಚುವುದು ಒಂದೇ, ಬಿಸಿನೀರು.

ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡಳು. ಹಂದಿಗೆ ಹೆತ್ತ ಸುಸ್ತು, ಕಣ್ಣು ಕೂಡ ತೆರೆಯಲಿಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮರಿಯನ್ನು ಕಾಲುಗಳ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ನೀವಿದಳು. ಮೂಗು ತೀಡಲು ಎರಡು ಸಲ ನೋಡಿದಳು. ಮೂರನೆಯ ಸಲಕ್ಕೆ, ಇದು ದೇವರೇ ಒತ್ತಿ ಕಳಿಸಿದ್ದು ಎಂದು ಕೈಬಿಟ್ಟಳು. ನಾಲ್ಕು ಚೆಂಬು ನೀರು ಸುರಿದಳು. ಹೊಗೆ ತೋರಿಸಿದಳು. ದೃಷ್ಟಿಬೊಟ್ಟು ಇಟ್ಟರೆ ಕರೀ ಕೆನ್ನೆಯ ಮೇಲೆ ಕಾಣಲೇ ಇಲ್ಲ. ಅಕ್ಕಿಹಿಟ್ಟು ಕಲಸಿ ಬಿಳೀ ಬೊಟ್ಟು ಇಟ್ಟಳು. ಆಮೇಲೆ ಮರಿಯನ್ನು ಮೊರದಲ್ಲಿ ಮಲಗಿಸಿ ನೋಡಿದರೆ ನಡುಕ ನಿಂತಿತ್ತು. ಕಣ್ಣು ಮುಚ್ಚಿ ತೆಪ್ಪಗೆ ಬಿದ್ದುಕೊಂಡಿತ್ತು. ಐವತ್ತು ವರ್ಷದಿಂದ ಕಂಡ ಅದೇ ನಿದ್ದೆ. ತುಳಸಮ್ಮ ಸೆರಗು ಕಟ್ಟಿ ಎರಡನೆಯದಕ್ಕೆ ಎದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಗಂಗಾಧರಯ್ಯ ಹಲ್ಲುಜ್ಜುತ್ತಾ ಬಂದ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದು ನಿವೃತ್ತನಾದವನು. ಕೊರಳಲ್ಲಿ ಲಿಂಗ, ತಟ್ಟೆಯಲ್ಲಿ ಈರುಳ್ಳಿ ಕೂಡ ಇಲ್ಲ, ಆದರೆ ಆನೆಯಿಂದ ಕೋಳಿಯವರೆಗೆ ಆತ ಎನಿಮಾ ಕೊಡದ ಪ್ರಾಣಿಯಿಲ್ಲ.

"ಏನ್ರೀ ತುಳಸಮ್ಮ ಅದು, ಮೊರದಲ್ಲಿ?"

"ಕೂಸು. ನೋಡಿ, ಹೆಂಗ್ ನಡುಗ್ತಿತ್ತು. ನೀರು ಹಾಕಿದ್ ತಕ್ಷಣ ಮಲಗ್ತು."

ಗಂಗಾಧರಯ್ಯ ಮರಿಯ ಬಾಯೊಳಗೆ ಬೆರಳಿಟ್ಟ. ಹಲ್ಲುಜ್ಜುವುದು ಅಲ್ಲಿಗೆ ನಿಂತಿತು. ಮನೆಗೆ ಓಡಿ ಥರ್ಮಾಮೀಟರು ತಂದು ಮರಿಯ ಹಿಂಭಾಗಕ್ಕೆ ಸೇರಿಸಿ ನೋಡಿದ.

"ಹಂದಿಗೆ ನೂರೆರಡು ಇರ್ಬೇಕು ಕಣ್ರೀ. ಇದಕ್ಕೆ ತೊಂಬತ್ಮೂರಿದೆ. ಮಲಗಿಲ್ಲ ಇದು, ಹೋಗ್ತಾ ಇದೆ."

ತುಳಸಮ್ಮನಿಗೆ ಅರ್ಥವಾಗಲಿಲ್ಲ. ನಡುಕ ನಿಂತರೆ ಚಳಿ ಹೋಯಿತು ಅಂತಲ್ಲವೇ ಎಂದು ಕೇಳಿದಳು. ಗಂಗಾಧರಯ್ಯ ಟೂತ್‌ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡು, ಬಾಯ ತುಂಬ ನೊರೆ ಇಟ್ಟುಕೊಂಡೇ ಪಾಠ ಶುರುಮಾಡಿದ. ಮನುಷ್ಯರ ಕೂಸಿಗೆ ಬೆನ್ನು ಕುತ್ತಿಗೆಯ ಹತ್ತಿರ ಒಂದು ಬಗೆಯ ಕಂದು ಕೊಬ್ಬಿರುತ್ತದೆ, ಚಳಿಯಾದರೆ ಅದು ನಡುಕವಿಲ್ಲದೆ ತಾನೇ ಉರಿದು ಮೈ ಕಾಯಿಸುತ್ತದೆ. ಹಂದಿಮರಿಗೆ ಆ ಕೊಬ್ಬೇ ಇಲ್ಲ. ಬೇರೆ ಕೊಬ್ಬೂ ಇಲ್ಲ. ಅದಕ್ಕೆ ಇರುವ ಒಂದೇ ಒಲೆ ನಡುಕ. ಆ ಒಲೆಗೆ ಸೌದೆ ಅಂದರೆ ಒಡಲಲ್ಲಿ ಕೂಡಿಟ್ಟ ಒಂದಿಷ್ಟು ಸಕ್ಕರೆ ಅಂಶ, ಅದೂ ಒಂದು ಹೊತ್ತಿಗೆ ಸಾಕಾಗುವಷ್ಟು. ಅಷ್ಟರೊಳಗೆ ತಾಯಿಯ ಗಿಣ್ಣು ಹಾಲು ಹೊಟ್ಟೆಗೆ ಬೀಳಬೇಕು. ತಾಯಿ ಹಂದಿಗೆ ತಂಪು ಬೇಕು, ಆದರೆ ಮರಿಗೆ ಸುತ್ತ ತೊಂಬತ್ತೈದು ಡಿಗ್ರಿ ಬೇಕು. ಮೈ ಒದ್ದೆಯಾದರೆ ಆರುವ ನೀರು ಇದ್ದಬದ್ದ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಲೆ ಆರಿದ್ದನ್ನು ತುಳಸಮ್ಮ ನಿದ್ದೆ ಅಂದುಕೊಂಡಿದ್ದಳು.

"ಆ ಎಂಟನ್ನ ನೋಡಿ," ಎಂದ ಗಂಗಾಧರಯ್ಯ ಶೆಡ್ಡಿನ ಕಡೆ ಕೈ ತೋರಿಸಿ. "ನೀವು ಮುಟ್ಟಿಲ್ಲ. ಆರಾಮಾಗಿವೆ."

ಎಂಟೂ ತಾಯಿಯ ಕೆಚ್ಚಲ ಪಕ್ಕ ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದವು. ಚಳಿಯಲ್ಲಿ ಧರಣಿ ಕೂತು ಒಂದು ಕಂಬಳಿ ಹತ್ತು ಜನ ಹಂಚಿಕೊಂಡವರಿಗೆ ಈ ವಿದ್ಯೆ ಗೊತ್ತು. ಹೊರಗಿನವನು ಒಳಕ್ಕೆ ತೂರುತ್ತಾನೆ, ಒಳಗಿನವನು ಬೈಯುತ್ತಾ ಹೊರಕ್ಕೆ ಬೀಳುತ್ತಾನೆ, ಬೆಳಗಾಗುವಷ್ಟರಲ್ಲಿ ಎಲ್ಲರೂ ಬದುಕಿರುತ್ತಾರೆ. ಹಂದಿಮರಿಗಳು ಇದನ್ನು ಹುಟ್ಟಿ ಹತ್ತು ನಿಮಿಷಕ್ಕೆ ಕಲಿಯುತ್ತವೆ, ಕರಪತ್ರ ಹಂಚುವ ಅಗತ್ಯವಿಲ್ಲ.

ತುಳಸಮ್ಮ ಮರಿಯನ್ನೇ ನೋಡಿದಳು. "ನಾನ್ ಹಾಕಿದ್ ನೀರಿಂದಾನಾ?"

"ಇನ್ಯಾರ್ ನೀರಿಂದ?"

ಆಕೆ ಅಳಲಿಲ್ಲ. ಹಳೇ ಹತ್ತಿ ಸೀರೆ ತಂದು ಮರಿಯ ಚರ್ಮ ಕಿತ್ತುಬರುವಂತೆ ಒರೆಸಿದಳು. ಆಮೇಲೆ ರವಿಕೆಯ ಎರಡು ಗುಂಡಿ ಬಿಚ್ಚಿ ಮರಿಯನ್ನು ಎದೆಗೆ ಅವಚಿಕೊಂಡು, ಮೇಲೆ ಸೆರಗು ಸುತ್ತಿ ಹಂಡೆ ಒಲೆಯ ಮುಂದೆ ಕೂತಳು. ಗಂಗಾಧರಯ್ಯ ಗೋಡೆಯ ಕಡೆ ತಿರುಗಿ ನಿಂತು ಪಾಠ ಮುಂದುವರಿಸಿದ. ಹಸುವಿನ ಹಾಲು ಕಾಯಿಸಿ, ಕೂಸಿಗೆ ಕುಡಿಸುವ ಒಳಲೆಯಲ್ಲಿ ಹಾಕಲೇ ಎಂದು ಆಕೆ ಕೇಳಿದ್ದಕ್ಕೆ ಬೇಡ ಅಂದ. ತಣ್ಣಗಾದ ಮರಿಗೆ ನುಂಗುವ ಶಕ್ತಿಯೂ ಇರುವುದಿಲ್ಲ, ಅರಗಿಸುವ ಶಕ್ತಿಯೂ ಇರುವುದಿಲ್ಲ. ಮೊದಲು ಮೈ ಕಾಯಲಿ.

ಎಂಟು ಗಂಟೆಗೆ ಫೋನು ಬಂತು. ತ್ಯಾಗರಾಜನಗರದ ವಾಣಿ. ಅವಳ ನಲವತ್ತು ದಿನದ ಗಂಡು ಕೂಸಿಗೆ ತುಳಸಮ್ಮನೇ ನೀರು ಹಾಕುವುದು. ಇವತ್ತು ಆಗಲ್ಲ ಕಣಮ್ಮ, ಇಲ್ಲೊಂದು ಕೂಸಿನ ಸ್ಥಿತಿ ಚೆನ್ನಾಗಿಲ್ಲ ಎಂದಳು ತುಳಸಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾ ಹೋದಳು.

"ಅಯ್ಯೋ ಅಜ್ಜಿ, ತೂಕ ಎಷ್ಟಿದೆ?"

"ಮುಕ್ಕಾಲು ಕೆಜಿ ಇರ್ಬೋದು."

"ಮುಕ್ಕಾಲಾ? ಎಷ್ಟನೇ ತಿಂಗಳಿಗೆ ಹುಟ್ಟಿದ್ದು?"

ತುಳಸಮ್ಮ ಫೋನು ಪಕ್ಕಕ್ಕಿಟ್ಟು ಗಂಗಾಧರಯ್ಯನನ್ನು ಕೇಳಿದಳು. "ಮೂರು ತಿಂಗಳು, ಮೂರು ವಾರ, ಮೂರು ದಿನವಂತೆ."

ತಾಯಿ ಹೇಗಿದ್ದಾರೆ ಅಂತ ವಾಣಿ ಮೆಲ್ಲಗೆ ಕೇಳಿದಳು.

"ಅವಳಿಗೇನು, ಒಂಬತ್ತು ಹೆತ್ತು ಆರಾಮಾಗಿ ಬಿದ್ಕೊಂಡಿದಾಳೆ," ಎಂದು ತುಳಸಮ್ಮ ಫೋನಿಟ್ಟಳು.

ಅರ್ಧ ಗಂಟೆಗೆ ತೊಂಬತ್ತೈದು. ಒಂಬತ್ತು ಗಂಟೆಗೆ ತೊಂಬತ್ತೇಳು. ಆಗ ಆಕೆಯ ಎದೆಯ ಮೇಲೆ ಏನೋ ಅದುರಿತು. ತುಳಸಮ್ಮ ಸೆರಗು ಸರಿಸಿ ನೋಡಿದಳು.

"ಗಂಗಾಧರಯ್ಯನೋರೇ, ಮತ್ತೆ ನಡುಗ್ತಿದೆ."

"ನಡುಗ್ಲಿ ಬಿಡ್ರೀ. ಒಲೆ ಹತ್ಕೊಂಡಿದೆ."

ಇಬ್ಬರು ಮುದಿ ಸಸ್ಯಾಹಾರಿಗಳು ಒಂದು ಹಂದಿಮರಿ ಚಳಿಗೆ ನಡುಗುವುದನ್ನು ಹಬ್ಬದಂತೆ ನೋಡುತ್ತಾ ಕೂತರು. ಆದರೆ ಹತ್ತಿದ ಒಲೆಗೆ ಸೌದೆ ಬೇಕು. ಇರುವ ಸಕ್ಕರೆ ತೀರುವ ಮೊದಲು ತಾಯಿ ಹಾಲು ಸಿಗದಿದ್ದರೆ ಮತ್ತೆ ಆರುತ್ತದೆ, ಆಮೇಲೆ ಹತ್ತುವುದಿಲ್ಲ ಎಂದ ಗಂಗಾಧರಯ್ಯ. ಹಾಗಾದರೆ ಹಾಲು ಕರೆದುಕೊಂಡು ಬನ್ನಿ ಎಂದಳು ತುಳಸಮ್ಮ. ಆತ ಶೆಡ್ಡಿನ ಬಾಗಿಲವರೆಗೆ ಹೋದ. ಹಂದಿ ತಲೆಯೆತ್ತಿ ಒಂದು ಸಲ ಗುರುಗುಟ್ಟಿತು. ಆತ ಹೋದ ದಾರಿಯಲ್ಲೇ ವಾಪಸು ಬಂದ. ಮೂವತ್ತು ವರ್ಷ ಎಷ್ಟೋ ಹಂದಿಗೆ ಸೂಜಿ ಚುಚ್ಚಿದ್ದ, ನಿಜ. ಆಗೆಲ್ಲ ನಾಲ್ಕು ಜನ ಹಿಡಿದುಕೊಂಡಿರುತ್ತಿದ್ದರು.

ತುಳಸಮ್ಮ ಮರಿಯನ್ನು ಎದೆಗಿಟ್ಟುಕೊಂಡೇ ಶೆಡ್ಡಿಗೆ ಹೋದಳು. ಹಂದಿ ಎದ್ದು ನಿಲ್ಲಲು ಹೊರಟಿತ್ತು.

"ಮಲಕ್ಕೋ," ಎಂದಳು, ಎಲ್ಲ ಬಾಣಂತಿಯರಿಗೂ ಹೇಳುವ ದನಿಯಲ್ಲೇ. "ಒಂಬತ್ತು ಹೆತ್ತೋಳು ಎದ್ದು ಎಲ್ಲಿಗೆ ಹೊರಟೆ? ಸೊಂಟ ಹಿಡ್ಕೊಳತ್ತೆ."

ಸೊಂಟದಿಂದ ಶುರುಮಾಡಿ ಬೆನ್ನು, ಪಕ್ಕೆ, ಕೊನೆಗೆ ಕೆಚ್ಚಲು. ಅವಸರವಿಲ್ಲದೆ, ಅಂಗೈ ಊರಿ, ಮೇಲಿಂದ ಕೆಳಕ್ಕೆ ನೀವಿದಳು. ಹಂದಿಗೆ ಜನ್ಮದಲ್ಲಿ ಅಂಥ ಉಪಚಾರ ಸಿಕ್ಕಿರಲಿಲ್ಲ. ಮೊದಲು ಗುರುಗುಟ್ಟುವುದು ನಿಂತಿತು, ಆಮೇಲೆ ಅದು ಇಡೀ ಮೈ ಸಡಿಲ ಬಿಟ್ಟು ಪಕ್ಕಕ್ಕೆ ಉರುಳಿತು. ಎಂಟು ಮರಿಗಳೂ ಸಾಲಾಗಿ ಕಚ್ಚಿಕೊಂಡವು. ಮುಂದಿನ ಮೊಲೆಯನ್ನು ಹಿಂಡಿ ತುಳಸಮ್ಮ ಒಳಲೆಗೆ ನಾಲ್ಕು ಹನಿ ಹಾಲು ಹಿಡಿದಳು, ಮರಿಯ ಬಾಯಿಗೆ ಒಂದೊಂದಾಗಿ ಬಿಟ್ಟಳು. ಮೊದಲನೆಯದು ಹೊರಗೆ ಹರಿಯಿತು. ಎರಡನೆಯದನ್ನು ಅದು ನುಂಗಿತು.

ಮರಿಯನ್ನು ಮೊಲೆಗೆ ಹಚ್ಚುವಾಗ ಹಂದಿ ಕತ್ತು ಹೊರಳಿಸಿ ಮೂಸಿತು. ಹರಳೆಣ್ಣೆ, ಸಾಂಬ್ರಾಣಿ. ದೊಡ್ಡದಾಗಿ ಸೀನಿತು. ಬೇರೆ ವಾಸನೆ ಬಂದರೆ ಕೆಲವು ಹಂದಿಗಳು ಮರಿಯನ್ನೇ ಕಚ್ಚಿಹಾಕುತ್ತವೆ ಎಂದು ಗಂಗಾಧರಯ್ಯ ಬಾಗಿಲಾಚೆಯಿಂದ ಪಿಸುಗುಟ್ಟಿದ. ಆ ಮಾತು ಹೇಳಲು ಆತ ಆರಿಸಿಕೊಂಡ ಹೊತ್ತು ಅದು. ತುಳಸಮ್ಮ ಕೈ ತೆಗೆಯಲಿಲ್ಲ. ಹಂದಿ ಇನ್ನೊಂದು ಸಲ ಮೂಸಿ, ಬೊಟ್ಟಿನ ಅಕ್ಕಿಹಿಟ್ಟು ನೆಕ್ಕಿ ತಿಂದು, ತಲೆಯನ್ನು ನೆಲಕ್ಕೆ ಹಾಕಿತು. ಮರಿ ಪಕ್ಕದ ಅಣ್ಣನನ್ನು ಮೂತಿಯಿಂದ ತಳ್ಳಿತು. ತುಳಸಮ್ಮ ಜಾಗ ಮಾಡಿಕೊಡಲು ಬೆರಳು ತೂರಿಸಿದಳು. ಸೂಜಿಯಂಥ ಹಲ್ಲು ಬೆರಳಿಗೆ ಇಳಿಯಿತು.

"ಕಚ್ತು ಮುಂಡೇದು," ಎಂದಳು, ರಕ್ತ ಚೀಪುತ್ತಾ. ಆ ದಿನ ಆಕೆ ನಕ್ಕಿದ್ದು ಆಗಲೇ.

ಸುದ್ದಿ ತಿಳಿದು ಹನ್ನೊಂದಕ್ಕೆ ಶಶಿಕುಮಾರ್ ಗೂಡ್ಸ್ ಆಟೋ ತಗೊಂಡು ಬಂದ. ವಠಾರದವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದರು, ಬೇಗ ಸಾಗಿಸಪ್ಪ ಎಂದು ಅವನ ಮೇಲೆ ಬಿದ್ದರು. ತುಳಸಮ್ಮ ಶೆಡ್ಡಿನ ಬಾಗಿಲಿಗೆ ಅಡ್ಡ ಕಾಲು ಚಾಚಿ ಕೂತುಬಿಟ್ಟಳು. ಮೈ ಪೂರಾ ಕಾಯುವವರೆಗೆ ಒಂದೂ ಗಾಳಿಗೆ ಬರುವುದಿಲ್ಲ, ಆಟೋದಲ್ಲಿ ಒಣಹುಲ್ಲು ಹಾಸಿ ಸುತ್ತ ಚೀಲ ಕಟ್ಟು, ಆಮೇಲೆ ಮಾತಾಡು ಎಂದಳು. ಹಂದಿಯ ಒಡೆಯ ತಾನೋ ಅಜ್ಜಿಯೋ ಎಂದು ಶಶಿಕುಮಾರನಿಗೇ ಅನುಮಾನ ಬಂತು. ಒಂದು ಮರಿಗೆ ಯಾಕೆ ದೇವಸ್ಥಾನದ ವಾಸನೆ ಎಂದು ಕೇಳಿದವನಿಗೆ ಮೊದಲು ಹುಲ್ಲು ತಾ ಎಂದಳು ತುಳಸಮ್ಮ. ಅವನು ಹುಲ್ಲು ತರಲು ಹೋದ.

ಗಂಟೆಗೊಂದು ಸಲ ಥರ್ಮಾಮೀಟರು ಒಳಗೆ ಹೋಗಿ ಹೊರಗೆ ಬಂತು. ತೊಂಬತ್ತೊಂಬತ್ತು. ನೂರು. ನೂರೊಂದು. ಮಧ್ಯಾಹ್ನ ಮೂರಕ್ಕೆ ಗಂಗಾಧರಯ್ಯ ಕನ್ನಡಕ ಸರಿಮಾಡಿಕೊಂಡು ನೂರೆರಡು ಎಂದ. ಇನ್ನೊಂದು ಸಲ ನೋಡಿ ಎಂದಳು ತುಳಸಮ್ಮ. ಇನ್ನೊಂದು ಸಲವೂ ನೂರೆರಡೇ. ಹಾಲು ಕುಡಿದು ಹೊಟ್ಟೆ ಟೊಮ್ಯಾಟೊ ಆಗಿದ್ದ ಮರಿ ಈ ಹೊತ್ತಿಗೆ ಥರ್ಮಾಮೀಟರು ಕಂಡರೇ ಕಿರುಚುವಷ್ಟು ಜೋರಾಗಿತ್ತು.

ತುಳಸಮ್ಮ ಬಾಗಿಲಿನಿಂದ ಕಾಲು ತೆಗೆದಳು. ಜೋಮು ಹಿಡಿದಿತ್ತು, ಏಳಲು ಶಶಿಕುಮಾರನೇ ಕೈ ಕೊಡಬೇಕಾಯಿತು.

"ತಗೊಂಡ್ಹೋಗಪ್ಪ," ಎಂದಳು. "ಚಿಕ್ಕದನ್ನ ಮಧ್ಯದಲ್ಲಿ ಹಾಕು."