ಭಾಂಡೆ ಅಂಗಡಿಯ ಎದುರು ಒಂದು ರವಿವಾರ

ನಿವೃತ್ತಳಾದ ಮೇಲೆ ನಾನು ರವಿವಾರದ ಚಿತ್ರಕಾರರ ಗುಂಪಿಗೆ ಸೇರಿದೆ. ಮೂವತ್ತು ವರ್ಷ ಗಣಿತ ಕಲಿಸಿದ ಕೈ. ಸರಳರೇಖೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಿಂದ ಬಸ್ಸು ಹಿಡಿದು ಧಾರವಾಡಕ್ಕೆ ಬರುತ್ತಿದ್ದೆ. ಆರೇಳು ಜನ ಯಾವುದಾದರೂ ಓಣಿಯಲ್ಲಿ ಕುಳಿತು, ಕಂಡದ್ದನ್ನು ಬರೆಯುತ್ತಿದ್ದೆವು. ನಮ್ಮೊಳಗೆ ಹಿರಿಯರೆಂದರೆ ಎಲ್ಲರೂ ಕಾಕಾ ಎನ್ನುತ್ತಿದ್ದ ಒಬ್ಬ ಪೇಂಟರು. ಅಂಗಡಿಗಳ ಬೋರ್ಡು ಬರೆಯುವುದು ಅವರ ಕಸುಬಾಗಿತ್ತು. ಫ್ಲೆಕ್ಸ್ ಬಂದ ಮೇಲೆ ಅದು ನಿಂತುಹೋಯಿತು. ಈಗ ಬಣ್ಣದ ಅಂಗಡಿಯೊಂದರಲ್ಲಿ ಡಬ್ಬಿ ತೆಗೆದುಕೊಡುವ ಕೆಲಸ. ಅವರು ಗೆರೆ ಎಳೆಯತೊಡಗಿದರೆ ನಾನು ನನ್ನದನ್ನು ಬಿಟ್ಟು ನೋಡುತ್ತ ಕೂಡುತ್ತಿದ್ದೆ.

ಒಮ್ಮೆ ಪೇಟೆಯಲ್ಲಿ ಹಂಚಿನ ಮನೆಗಳ ಸಾಲಿನೆದುರು ಕುಳಿತಿದ್ದೆವು. ನಮ್ಮ ಮುಂದೆಯೇ ಒಂದು ಭಾಂಡೆ ಅಂಗಡಿ, ಬಾಗಿಲ ಮೇಲೆ ಹಿತ್ತಾಳೆ ಕೊಡಗಳು, ಒಳಗೆಲ್ಲ ಪಾತ್ರೆಗಳು. ನಾನು ಪೆನ್ಸಿಲನ್ನು ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ ಅಂಗಡಿಯ ಎತ್ತರ ಅಳೆಯುತ್ತಿದ್ದೆ. ಅದನ್ನು ಕಂಡ ಮಾಲೀಕರು ಧೋತರ ಎತ್ತಿಕೊಂಡು ರಸ್ತೆ ದಾಟಿ ಬಂದರು.

“ಅಳತಿ ತಗೊಳಾಕತ್ತೀರೇನ್ರಿ? ರಸ್ತಾ ಅಗಲ ಮಾಡಾವ್ರು ಕಳಿಸ್ಯಾರೇನು?”

“ಇಲ್ರೀ, ಬರೇ ಚಿತ್ರ ತಗೀತೇವ್ರಿ,” ಎಂದೆ.

“ಮೊದಲ ಚಿತ್ರ, ಆಮ್ಯಾಲೆ ಕೆಡವಾಕ ಗ್ವಾಡಿಗೆ ಕೆಂಪ ಗುರ್ತು. ಏಳ್ರಿ ಇಲ್ಲಿಂದ!”

ಜನ ಸೇರಿದರು. ನಾವೆಲ್ಲ ಗಡಬಡಿಸಿ ಎದ್ದೆವು. ಕಾಕಾ ಏಳಲಿಲ್ಲ. ನಾನು ಬಿಟ್ಟೆದ್ದ ಸ್ಟೂಲನ್ನು ಮಾಲೀಕರ ಕಡೆ ಸರಿಸಿದರು.

“ಕುಂದರ್ರಿ ಯಜಮಾನ್ರ. ಬೈಯೂದು ಇದ್ದ ಐತಿ. ಹತ್ತು ನಿಮಿಷ ಕುಂದರ್ರಿ, ಚಿತ್ರ ನೋಡಿ ಬೈರಿ.”

ಯಾಕೋ ಅವರು ಕುಳಿತರು. ಕಾಕಾ ಹೊಸ ಹಾಳೆ ತಿರುವಿ ಅವರನ್ನೇ ಬರೆಯತೊಡಗಿದರು. ಮೊದಲು ಬಂದದ್ದು ಸಿಟ್ಟಿಗೆ ಮೇಲೆದ್ದ ಹೆಗಲು. ಬರೆಯುತ್ತಲೇ ಕೇಳಿದರು:

“ಅಂಗಡಿ ಯಾರ ಕಾಲದ್ದ್ರಿ?”

“ನಮ್ಮಜ್ಜಂದು.”

ಅಜ್ಜ ಚಕ್ಕಡಿಯಲ್ಲಿ ಗರಗ ಹಳ್ಳಿಯವರೆಗೂ ಭಾಂಡೆ ಹೇರಿಕೊಂಡು ಹೋಗುತ್ತಿದ್ದುದನ್ನು ಹೇಳುತ್ತ ಹೋದಂತೆ ಮಾಲೀಕರ ದನಿ ಇಳಿಯಿತು, ಹೆಗಲೂ ಇಳಿಯಿತು. ಕಾಕಾ ರಬ್ಬರು ಮುಟ್ಟುವವರಲ್ಲ. ಮೊದಲ ಗೆರೆಯ ಕೆಳಗೇ ಇಳಿದ ಹೆಗಲಿನ ಗೆರೆಯನ್ನೂ ಎಳೆದು, ಎರಡನ್ನೂ ಹಾಗೇ ಬಿಟ್ಟರು. ಒಂದೇ ಹಾಳೆಯಲ್ಲಿ ಸಿಟ್ಟೂ ಇತ್ತು, ಸಮಾಧಾನವೂ ಇತ್ತು.

ಚಿತ್ರ ಕೈಗೆ ಬಂದಾಗ ಮಾಲೀಕರು ಅದನ್ನು ದೂರ ಹಿಡಿದು ನೋಡಿದರು.

“ಖರೇ ಹೇಳ್ತೇನ್ರಿ, ನಮ್ಮಪ್ಪ ಕುಂತಂಗ ಐತಿ,” ಎಂದವರು ಹೆಂಡತಿಯನ್ನು ಕೂಗಿ ಕರೆದರು.

ಆಕೆ ನೋಡಿ ನಕ್ಕರು. “ಸಿಟ್ಟು ಬರೋಬ್ಬರಿ ಬಂದೈತಿ ನೋಡ್ರಿ!”

ಕಾಕಾ ಹಾಳೆ ಹರಿದು ಅವರಿಗೇ ಕೊಟ್ಟುಬಿಟ್ಟರು. ನನಗೆ ತಡೆಯಲಾಗಲಿಲ್ಲ.

“ಇಷ್ಟು ಛಲೋ ಚಿತ್ರ ಕೊಟ್ಟೇಬಿಟ್ರಲ್ರಿ ಕಾಕಾ?”

“ಬೋರ್ಡ್ ಬರದು ನಮ್ಮ ಮನಿಗೆ ಒಯ್ತಿದ್ನೇನ್ರಿ ಟೀಚರ್? ಅವರ ಅಂಗಡಿ ಮ್ಯಾಲೇ ಬಿಟ್ಟು ಬರ್ತಿದ್ದೆ.”

ಆಮೇಲೆ ಮಾಲೀಕರ ಹೆಂಡತಿ ಎಲ್ಲರಿಗೂ ಚಹಾ ತಂದರು. ಧೈರ್ಯ ಮಾಡಿ, ನಿಮ್ಮನ್ನು ಬರೆಯಲೇ ಎಂದು ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡು ಕಟ್ಟೆಯ ಮೇಲೆ ಕುಳಿತರು. ನನ್ನ ಚಿತ್ರದಲ್ಲಿ ಮೂಗು ಸೊಟ್ಟಗಾಯಿತು. ಅಳಿಸಲು ಹೊರಟಾಗ ಕಾಕಾ ಬಾಗಿ ನೋಡಿದರು.

“ಮೂಗು ಬಿಡ್ರಿ. ನಗು ಸಿಕ್ಕೈತಿ.”

ಕಾಕಾರಂತೆ ಕೊಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ಹುಬ್ಬಳ್ಳಿಗೆ ಮರಳುವ ಬಸ್ಸು ರಾಯಾಪುರ ದಾಟುವವರೆಗೂ ಆ ನಗುವಿನ ಹಾಳೆಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡೇ ಇದ್ದೆ.