ಟ್ಯಾಂಕಿಗೆ ಒರಗಿದ ಬೆನ್ನು

ನಾನು ಏನು ಕೆಲಸ ಮಾಡುತ್ತೇನೆ ಎಂಬುದನ್ನು ದಿಲ್ಲಿಯ ದ್ವಾರಕಾದ ನಮ್ಮ ಸೊಸೈಟಿಯವರಿಗೆ ತಿಳಿಸಿ ಹೇಳಲು ಕೊನೆಯವರೆಗೂ ನನ್ನಿಂದ ಆಗಲಿಲ್ಲ. "ಟ್ಯಾಂಕರ್ ಪರೀಕ್ಷೆ ಮಾಡ್ತೀನಿ" ಎಂದರೆ, ಬೇಸಿಗೆ ಬಂತೆಂದರೆ ನೀರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದ ಪಕ್ಕದ ಫ್ಲ್ಯಾಟಿನ ಉಡುಪಿಯ ಅಮ್ಮ, "ಹಾಗಾದ್ರೆ ನಮ್ಮ ಬ್ಲಾಕಿಗೂ ಒಂದು ಬೇಗ ಕಳ್ಸು ಮಾರಾಯ್ತಿ" ಎನ್ನುತ್ತಿದ್ದರು. ನಾನು ನೋಡುತ್ತಿದ್ದದ್ದು ನೀರಿನ ಟ್ಯಾಂಕರುಗಳನ್ನಲ್ಲ, ಅಮೋನಿಯಾ, ಅಡುಗೆ ಅನಿಲ ಸಾಗಿಸುವಂಥವನ್ನು ಎಂದು ವಿವರಿಸಿದರೆ, "ಅಯ್ಯೋ, ಹೆಂಗಸರಿಗೆ ಅದೆಂಥ ಕೆಲಸ!" ಎಂದು ಮಾತು ಮುಗಿಸುತ್ತಿದ್ದರು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಕೆಲಸದಲ್ಲಿ ಗುಟ್ಟೇನೂ ಇರಲಿಲ್ಲ. ಇಂಥ ಟ್ಯಾಂಕನ್ನು ಕೆಲವು ವರ್ಷಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯಬೇಕು. ಒಳಗಿನ ಗಾಳಿಯಲ್ಲಿ ಮನುಷ್ಯ ಉಸಿರಾಡಬಹುದು ಎಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಂಡ ಮೇಲೆ ಒಬ್ಬರು ದೀಪ ಹಿಡಿದು ಒಳಗಿಳಿದು ಬೆಸುಗೆಗಳನ್ನು ನೋಡಬೇಕು. ಆಮೇಲೆ ಕಂಠಪೂರ್ತಿ ನೀರು ತುಂಬಿಸಿ, ರಸ್ತೆಯಲ್ಲಿ ಅದು ಎಂದೂ ತಡೆಯಬೇಕಾಗಿ ಬರದಷ್ಟು ಒತ್ತಡವನ್ನು ಪಂಪಿನಿಂದ ಕೊಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿಯಬೇಕು. ನೀರೇ ಯಾಕೆಂದರೆ, ಗಾಳಿ ತುಂಬಿದ ಟ್ಯಾಂಕು ಒಡೆದರೆ ಬಾಂಬು ಬಿದ್ದಂತೆ, ನೀರಿನದು ಸೀಳಿಕೊಂಡು ಸೋರಿ ಸುಮ್ಮನಾಗುತ್ತದೆ. ಆದರೂ ಒತ್ತಡ ಏರುವ ಹೊತ್ತಿನಲ್ಲಿ ಹತ್ತಿರ ಒಂದು ನರಪಿಳ್ಳೆಯೂ ಇರಕೂಡದು. ಸವೆದ ಬೋಲ್ಟೊಂದು ಕಿತ್ತು ಹಾರಿದರೂ ಸಾಕು, ಎದುರಿಗಿದ್ದವನ ಕತೆ ಮುಗಿಯಿತು.

ಈ ಕೊನೆಯ ನಿಯಮವೇ ನಮ್ಮ ಅಂಗಳದಲ್ಲಿ ದಿನಾ ಜಗಳಕ್ಕೆ ಕಾರಣ. ಬಹಾದುರ್‌ಗಢದ ದಾರಿಯಲ್ಲಿ, ಸುತ್ತ ಒಂದು ಮರವೂ ಇಲ್ಲದ ಬಯಲಲ್ಲಿ ಆ ಅಂಗಳವಿತ್ತು. ಮೇ ತಿಂಗಳಲ್ಲಿ ಲೂ ಎನ್ನುವ ಬಿಸಿಗಾಳಿ ಬೀಸುವಾಗ ಅಲ್ಲಿ ತಣ್ಣಗಿರುತ್ತಿದ್ದ ವಸ್ತುವೆಂದರೆ ಒಂದೇ, ಆಗಷ್ಟೇ ಬೋರ್‌ವೆಲ್ ನೀರು ತುಂಬಿಸಿದ ಟ್ಯಾಂಕು. ಪಂಪು ಜೋಡಿಸುವವರೆಗೂ ಡ್ರೈವರುಗಳೆಲ್ಲ ಅದರ ನೆರಳಿನ ಮಗ್ಗುಲಲ್ಲಿ ಸಾಲಾಗಿ ಬೆನ್ನು ಒರಗಿಸಿ ಕೂರುತ್ತಿದ್ದರು, ಕೆಲವರು ಕೆನ್ನೆಯನ್ನೂ ಆನಿಸುತ್ತಿದ್ದರು. ಯಾರ ಟ್ಯಾಂಕಾದರೂ ಸರಿ, ನೀರು ತುಂಬಿತೆಂದರೆ ಅದು ಎಲ್ಲರದ್ದು. ಪಂಪು ಶುರುವಾಗುವ ಮುಂಚೆ ಅವರನ್ನು ಎಬ್ಬಿಸಿ ಹಗ್ಗದಾಚೆ ಅಟ್ಟುವುದೇ ನನಗೆ ಅರ್ಧ ಕೆಲಸವಾಗಿತ್ತು.

ನನ್ನ ಮೇಲಧಿಕಾರಿ ಹಾಸನದ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ಡ್ರೈವರುಗಳ ಮೇಲೆ ನಾನು ಕೂಗಾಡುವುದನ್ನು ಷೆಡ್ಡಿನ ಕುರ್ಚಿಯಲ್ಲಿ ಕೂತು ನೋಡಿ ನಗುತ್ತಿದ್ದರು. "ಅಲ್ಲಾ ತಾಯಿ, ನಿಮಗೆ ಕೋಪ ಮೂಗಿನ ತುದೀಲೇ ಇರುತ್ತಲ್ಲ. ಟ್ಯಾಂಕಿಗಿಂತ ಮುಂಚೆ ನಿಮಗೇ ಒಂದು ಸೇಫ್ಟಿ ವಾಲ್ವ್ ಹಾಕಿಸ್ಬೇಕು" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಮೆಟ್ರೊ ದ್ವಾರಕಾಕ್ಕೆ ಹೊಸದಾಗಿ ಬಂದಿದ್ದ ಕಾಲ, ಒಂದು ಹಳೆಯ ಅಮೋನಿಯಾ ಟ್ಯಾಂಕರ್ ಪರೀಕ್ಷೆಗೆ ಬಂತು. ಐಸ್ ಫ್ಯಾಕ್ಟರಿಗಳಿಗೂ ಕೋಲ್ಡ್ ಸ್ಟೋರೇಜುಗಳಿಗೂ ಅನಿಲ ಒಯ್ಯುತ್ತಿದ್ದ ಗಾಡಿ. ಅದರ ಡ್ರೈವರ್ ರೋಹ್ತಕ್ ಕಡೆಯ ಮುದುಕರು, ಬಿಳಿ ಮೀಸೆ, ಮೇಲೆ ಬರಿಯ ಬನಿಯನ್ನು, ಹೆಗಲಲ್ಲೊಂದು ಟವೆಲು. ಎಲ್ಲರೂ ಅವರನ್ನು ತಾವೂಜಿ ಎನ್ನುತ್ತಿದ್ದರು, ಆ ಕಡೆ ಹಾಗೆಂದರೆ ದೊಡ್ಡಪ್ಪ. ನಾನೂ ಹಾಗೇ ಕರೆದೆ. ಅವರ ಸಂಕಟ ಅಂಗಳದಲ್ಲಿ ಎಲ್ಲರಿಗೂ ತಿಳಿದಿತ್ತು, ಯಾಕೆಂದರೆ ಅವರೇ ಬಂದ ಗಳಿಗೆಯಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕಣ್ಣು ಮಂದವಾಗಿತ್ತು. ಹೊಸದಾಗಿ ಯಾವ ಮಾಲೀಕನ ಹತ್ತಿರ ಹೋದರೂ ಮೊದಲು ಕಣ್ಣು ಪರೀಕ್ಷೆ, ಅದರಲ್ಲಿ ಅವರು ಪಾಸಾಗುವ ಹಾಗಿರಲಿಲ್ಲ. ಈಗಿನ ಮಾಲೀಕ ಹಳೇ ಋಣಕ್ಕೆ ಒಂದು ಮಾತು ಕೊಟ್ಟಿದ್ದ: ಈ ಟ್ಯಾಂಕು ಓಡುವವರೆಗೆ ಸ್ಟಿಯರಿಂಗ್ ನಿಮ್ಮದು, ಇದು ನಿಂತರೆ ನೀವೂ ಮನೆಗೆ.

"ಹೆಂಡತಿ ಹೋದ ಮೇಲೆ ಮನೆ ಅಂತ ಏನಿದೆ ಬೇಟಾ? ನನ್ನ ಮನೆ ಆ ಕ್ಯಾಬಿನ್ನೇ. ಪಾಸ್ ಮಾಡಿಬಿಡು" ಎಂದರು.

"ಮಾಡೋದು ನಾನಲ್ಲ ತಾವೂಜಿ, ಟ್ಯಾಂಕು" ಎಂದೆ. ಮಂದಗಣ್ಣಿನವರ ಕೈಗೆ ಅಮೋನಿಯಾ ಗಾಡಿ ಕೊಟ್ಟ ಮಾಲೀಕನ ಮೇಲೆ ಸಿಟ್ಟೂ ಬಂತು. ಅದನ್ನು ಮೇಲಧಿಕಾರಿಗಳಿಗೆ ಹೇಳಿದೆ. "ಡ್ರೈವರ್ ಕಣ್ಣು ನಮ್ಮ ಕೈಲಿಲ್ಲ, ಅದನ್ನ ಮಾಲೀಕನಿಗೆ ನಾನು ಬರೆದು ಹಾಕ್ತೀನಿ. ನೀವು ಟ್ಯಾಂಕು ನೋಡಿ" ಎಂದರು.

ಬೆಳಿಗ್ಗೆ ನಾನೇ ಒಳಗಿಳಿದೆ. ಕೆಳಭಾಗದ ಉದ್ದ ಬೆಸುಗೆಯ ಪಕ್ಕ ಸಿಡುಬಿನ ಕಲೆಯಂಥ ಸಣ್ಣ ಗುಳಿಗಳಿದ್ದವು. ಅಳೆದು ನೋಡಿದರೆ ದಪ್ಪ ಇನ್ನೂ ನಿಯಮದೊಳಗೇ ಇತ್ತು, ಕೂದಲೆಳೆಯಷ್ಟು ಒಳಗೆ. ತಪ್ಪು ಎನ್ನುವಂತೆಯೂ ಇಲ್ಲ, ಸರಿ ಎಂದು ನೆಮ್ಮದಿಯಾಗಿ ಹೇಳುವಂತೆಯೂ ಇಲ್ಲ. ಮೇಲಧಿಕಾರಿಗಳು "ನೀರು ಹೇಳ್ತದೆ ಬಿಡಿ" ಎಂದರು. ನೀರು ತುಂಬಿಸಿದೆವು, ಮೇಲಿನ ಕವಾಟದಿಂದ ಗಾಳಿಯೆಲ್ಲ ಹೋಗಿ ನೀರು ಉಕ್ಕುವವರೆಗೂ ಕಾದೆವು. ಎಂದಿನಂತೆ ಜನ ಬಂದು ಒರಗಿದರು, ಎಂದಿನಂತೆ ನಾನು ಕೂಗಾಡಿ ಎಬ್ಬಿಸಿದೆ, ಹಗ್ಗ ಕಟ್ಟಿಸಿದೆ, ಪಂಪು ಶುರುವಾಯಿತು.

ಒತ್ತಡ ಪೂರ್ತಿ ಏರಿತು. ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು, ಕದಲಲೇ ಇಲ್ಲ. ನನಗೆ ನಿಜಕ್ಕೂ ಖುಷಿಯಾಯಿತು. ಮುದುಕರಿಗೆ ಹೇಳೋಣವೆಂದು ಹಗ್ಗದಾಚೆ ಕೂತಿದ್ದವರತ್ತ ತಿರುಗಿದರೆ ಅವರೇ ಇಲ್ಲ! ಚಹಾ ಕುಡಿಯಲು ಹೋದರೇನೋ ಎಂದು ಕೇಳಿದೆ. ಇಲ್ಲವಂತೆ. ಒಬ್ಬ ಡ್ರೈವರ್ ಗಲ್ಲವೆತ್ತಿ ಟ್ಯಾಂಕಿನ ಆ ಮಗ್ಗುಲನ್ನು ತೋರಿಸಿದ. ಬಗ್ಗಿ ಚಕ್ರಗಳ ಸಂದಿಯಿಂದ ನೋಡಿದರೆ, ಚಾಚಿದ ಎರಡು ಕಾಲು, ಪಕ್ಕದಲ್ಲಿ ಬಿಚ್ಚಿಟ್ಟ ತೊಗಲಿನ ಜೂತಿ.

"ಪ್ರೆಶರ್ ಬಿಡ್ರೀ!" ಎಂದು ಕಿರುಚಿದೆ. ಪಂಪಿನವನು ಬಿಹಾರದವನು, ಕನ್ನಡ ಬಾರದು, ಆದರೆ ಕಿರುಚಿದ ಬಗೆಗೇ ಅರ್ಥವಾಗಿ ಕವಾಟ ತಿರುಗಿಸಿದ. ಮುಳ್ಳು ಕೆಳಗಿಳಿದ ಮೇಲೆ ಓಡಿದೆ. ಅಲ್ಲಿ ತಾವೂಜಿ ಟ್ಯಾಂಕಿನ ಉಬ್ಬಿದ ತಳಕ್ಕೆ ಬೆನ್ನು ಆನಿಸಿ, ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದರು.

"ಏಳ್ರೀ ಮೇಲೆ! ಸಾಯೋ ಆಸೆ ಇದ್ರೆ ಬೇರೆ ಎಲ್ಲಾದ್ರೂ ಹೋಗಿ ಸಾಯ್ರಿ, ನನ್ನ ತಲೆಗೆ ಯಾಕೆ ಕಟ್ತೀರಿ!" ಸಿಟ್ಟು ಬಂದರೆ ನನಗೆ ಹಿಂದಿ ಮರೆತುಹೋಗುತ್ತದೆ. ಅವರು ಕಣ್ಣುಜ್ಜಿಕೊಂಡು, "ಅರೆ, ಇದೆಂಥ ಮದ್ರಾಸಿ ಬೈಗುಳ ನಿದ್ದೆಗಣ್ಣಲ್ಲಿ" ಎಂದು ನಗುತ್ತಾ ಎದ್ದು, ಜೂತಿ ಮೆಟ್ಟಲು ಆ ಕಡೆ ತಿರುಗಿದರು.

ಬನಿಯನ್ನಿನ ಬೆನ್ನ ಮೇಲೆ, ಈ ಹೆಗಲಿನಿಂದ ಆ ಹೆಗಲಿನವರೆಗೆ, ಒಂದು ಬೆರಳಗಲ ಒದ್ದೆಯಿತ್ತು. ಸ್ಕೇಲು ಇಟ್ಟು ಎಳೆದ ಹಾಗೆ ನೇರ. ಮಿಕ್ಕ ಬೆನ್ನೆಲ್ಲ ಒಣಗಿ ಉಪ್ಪಿನ ಬಿಳಿ ಕಲೆ.

ನಾನು ಅದನ್ನು ನೋಡಿದೆ, ಆಮೇಲೆ ಅವರು ಒರಗಿದ್ದ ಜಾಗ ನೋಡಿದೆ. ಸರಿಯಾಗಿ ಅದೇ ಎತ್ತರದಲ್ಲಿ ಉದ್ದ ಬೆಸುಗೆ ಹಾದುಹೋಗಿತ್ತು. ಮುಟ್ಟಿದರೆ ಒಣಗಿತ್ತು. ಆ ಲೂ ಗಾಳಿಯಲ್ಲಿ ಒಂದೊಂದು ಹನಿ ಜಿನುಗಿದರೆ ಕಣ್ಣಿಗೆ ಬೀಳುವ ಮುಂಚೆ ಆರಿಹೋಗುತ್ತದೆ, ಗೇಜಿನ ಮುಳ್ಳಿಗೂ ಅದು ಲೆಕ್ಕಕ್ಕಿಲ್ಲ. ಬೆನ್ನು ಅಡ್ಡವಿದ್ದ ಕಡೆ ಮಾತ್ರ ಅದನ್ನು ಬನಿಯನ್ನು ಹೀರಿಕೊಂಡಿತ್ತು.

"ಅದು ಬೆವರು" ಎಂದರು ತಾವೂಜಿ. ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ. ಅವರ ನಗು ಹೋಗಿತ್ತು.

ಮೇಲಧಿಕಾರಿಗಳು ಬಂದು ನೋಡಿ, "ಬೆವರೇ ಇರ್ಬಹುದು ತಾಯಿ" ಎಂದರು.

"ಯಾರಾದ್ರೂ ಗೆರೆ ಎಳೆದ ಹಾಗೆ ಬೆವರ್ತಾರಾ ಸರ್? ಇನ್ನೊಂದ್ಸಲ ಪ್ರೆಶರ್ ಕೊಡೋಣ, ಸೀಮೆಸುಣ್ಣ ಬಳಿದು ನೋಡೋಣ."

ತಾವೂಜಿ ಇದನ್ನು ಕೇಳಿದ್ದೇ ತಡ, ಹೋಗಿ ಅದೇ ಜಾಗಕ್ಕೆ ಬೆನ್ನು ಕೊಟ್ಟು ಕೈಕಟ್ಟಿ ನಿಂತುಬಿಟ್ಟರು. "ಚಲೋ, ಪಂಪು ಹಾಕಿ. ಇಷ್ಟು ವರ್ಷ ಅಮೋನಿಯಾ ತುಂಬಿಸಿ ಇದರ ಮುಂದೆ ಕೂತಿದ್ದೀನಿ, ಈಗ ನೀರು ನನ್ನನ್ನ ಕೊಲ್ಲುತ್ತಾ? ಒಡೆದರೆ ನನ್ನ ಮೈ ಮೇಲೇ ಒಡೀಲಿ. ನಾನು ಇಲ್ಲಿಂದ ಕದಲಲ್ಲ."

ಇಬ್ಬರು ಹೋಗಿ ರಟ್ಟೆ ಹಿಡಿದು ಎಳೆದರು, ಕದಲಲಿಲ್ಲ. ಮೇಲಧಿಕಾರಿಗಳು ಸಮಾಧಾನ ಹೇಳಿದರು, ಕೇಳಲಿಲ್ಲ. ನನ್ನ ಸಿಟ್ಟು ಅಷ್ಟರಲ್ಲಿ ಇಳಿದುಹೋಗಿತ್ತು. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ತಾವೂಜಿ, ನೀವು ಇಲ್ಲಿರೋವರೆಗೆ ನಾನು ಪಂಪು ಹಾಕಲ್ಲ. ಪಂಪು ಹಾಕದೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದೆ ಗಾಡಿ ಗೇಟು ದಾಟಲ್ಲ. ನಿಂತ್ಕೊಳ್ಳಿ, ನಾನೂ ನಿಂತ್ಕೋತೀನಿ."

ಅವರು ಕಟ್ಟಿದ ಕೈ ಬಿಚ್ಚಿದರು. ಆಮೇಲೆ ಟವೆಲಿನಿಂದ ಆ ಬೆಸುಗೆಯನ್ನು ಒತ್ತಿ ಒತ್ತಿ ಒರೆಸಿ, ಹಗ್ಗದಾಚೆ ಹೋಗಿ ಬೆನ್ನು ತಿರುಗಿಸಿ ಕೂತರು.

ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬೆಸುಗೆಯುದ್ದಕ್ಕೂ ಬಳಿದೆ, ಬಿಳಿಯಾಗಿ ಒಣಗಿತು. ಮತ್ತೆ ಒತ್ತಡ ಏರಿಸಿದೆವು, ಹಿಡಿದೆವು, ನಿಯಮದಂತೆ ಇಳಿಸಿದ ಮೇಲೆ ಹತ್ತಿರ ಹೋದೆವು. ದೇವರೇ, ಬೆವರೇ ಆಗಿರಲಿ ಎಂದು ನಾನು ಬೇಡಿಕೊಂಡದ್ದು ಸುಳ್ಳಲ್ಲ. ಬಿಳಿಯ ಮೇಲೆ ತೆಳ್ಳಗೆ, ನೀರು ಜಿನುಗಿದ ಒಂದು ಕಪ್ಪು ಗೆರೆ ಮೂಡಿತ್ತು. ಮೇಲಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಆಯ್ತಲ್ಲ ತಾಯಿ" ಎಂದರಷ್ಟೆ.

ಬಿರುಕು ಗುಳಿಯಿಂದ ಗುಳಿಗೆ ಹಬ್ಬಿತ್ತು. ಆ ಭಾಗವನ್ನೇ ಕತ್ತರಿಸಿ ಹೊಸ ತಗಡು ಹಾಕಿಸಲು ಅನುಮತಿ ಕೇಳಬಹುದಿತ್ತು. ಮಾಲೀಕನಿಗೆ ಫೋನು ಮಾಡಿದೆವು. ಮುದಿ ಗಾಡಿಗೆ ಅದೆಲ್ಲ ಬೇಡ, ಟ್ಯಾಂಕನ್ನು ಗುಜರಿಗೆ ತೆಗೆದುಬಿಡಿ ಎಂದ. ಹಾಗೆ ತೆಗೆದ ಟ್ಯಾಂಕಿನಲ್ಲಿ ಮತ್ತೆ ಯಾರೂ ಅನಿಲ ತುಂಬದ ಹಾಗೆ ಮಾಡುವುದು ನಮ್ಮಲ್ಲಿ ರೂಢಿ. ಗ್ಯಾಸ್ ಕಟರ್ ತರಿಸಿ ನೆತ್ತಿಯಲ್ಲಿ ತಟ್ಟೆಯಗಲದ ತೂತು ಕೊಯ್ಯಿಸಿದೆ. ಕಿಡಿ ಹಾರುತ್ತಿದ್ದಷ್ಟು ಹೊತ್ತೂ ತಾವೂಜಿ ಕ್ಯಾಬಿನ್ನಿನಿಂದ ಹಾಸಿಗೆ, ಥರ್ಮಾಸು, ಕನ್ನಡಿಗೆ ಕಟ್ಟಿದ್ದ ಹೆಂಡತಿಯ ಫೋಟೊ ಒಂದೊಂದಾಗಿ ಕೆಳಗಿಳಿಸಿದರು.

ಹೊರಡುವಾಗ ನನ್ನ ಹತ್ತಿರ ಬಂದರು. "ನಿನಗೆ ಇದರಿಂದ ಏನು ಸಿಕ್ಕಿತು ಬೇಟಾ?"

"ಆಜಾದ್‌ಪುರ ಮಂಡಿಯ ಜನಸಂದಣಿಯಲ್ಲಿ ಅದು ಬಾಯಿಬಿಟ್ಟಿದ್ದರೆ? ನೀವೇ ಇರ್ತಿದ್ರಲ್ಲ ಕ್ಯಾಬಿನ್ನಿನೊಳಗೆ!"

"ನಾನು ಮುಂದೆ ಕೂತಿರ್ತೀನಿ. ಗ್ಯಾಸು ಹಿಂದಕ್ಕೆ ಹೋಗುತ್ತೆ" ಎಂದರು. ಹಾಸಿಗೆ ಸುರುಳಿ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದರು.

ಅವತ್ತು ಮನೆಯಲ್ಲಿ ನಾನು ಊಟ ಸರಿಯಾಗಿ ಮಾಡಲಿಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರಾಗಿದ್ದ ನನ್ನ ಗಂಡ, ಎಲ್ಲ ಕೇಳಿ, "ಸರಿಯಾಗೇ ಮಾಡಿದ್ದೀಯಲ್ಲ, ಮತ್ಯಾಕೆ ಸಪ್ಪಗಿದ್ದೀ?" ಎಂದರು. ಮಗಳು ಟಿವಿಯಿಂದ ಕಣ್ಣು ತೆಗೆಯದೆ, "ಅಮ್ಮಾ, ಯೂ ಸೇವ್ಡ್ ಹಿಸ್ ಲೈಫ್ ನಾ" ಎಂದಳು. ಹೌದು. ಉಳಿಸಿದ್ದೆ. ಅದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಸಪ್ಪಗಿದ್ದದ್ದೂ ಅಷ್ಟೇ ನಿಜ.

ಮುಂದಿನ ಬೇಸಿಗೆ ಒಂದು ಭಾನುವಾರ ತರಕಾರಿಗೆ ಹೋಗಿದ್ದೆ. ನಮ್ಮ ಸೆಕ್ಟರಿನ ತುದಿಯಲ್ಲಿ ಹೊಸ ಸೊಸೈಟಿಯೊಂದು ಏಳುತ್ತಿತ್ತು. ತರಕಾರಿ ಮಾರುವ ಭಯ್ಯಾ ಬೀನ್ಸ್ ತೂಗುತ್ತಿರುವಾಗ ಆ ಕಡೆ ಕಣ್ಣು ಹೋಯಿತು. ಇಟ್ಟಿಗೆಯ ಕಟ್ಟೆಗಳ ಮೇಲೆ ಚಕ್ರವಿಲ್ಲದ ಒಂದು ಉದ್ದ ಟ್ಯಾಂಕು, ನೀಲಿ ಬಣ್ಣ ಬಳಿದದ್ದು, ನೆತ್ತಿಯ ತೂತಿಗೆ ಒಂದು ಪೈಪು ಇಳಿಬಿಟ್ಟಿತ್ತು. ಗಾರೆ ಕಲಸಲು, ಗೋಡೆಗೆ ಹೊಡೆಯಲು ನೀರು. ನಾನು ಕೊಯ್ಯಿಸಿದ ತೂತು ನನಗೆ ಗೊತ್ತಾಗದೆ ಇರುತ್ತದೆಯೇ? ಚೀಲ ಅಲ್ಲೇ ಬಿಟ್ಟು ರಸ್ತೆ ದಾಟಿದೆ.

ಟ್ಯಾಂಕಿನ ಮುಂದಿನ ತುದಿಯಲ್ಲಿ, ಕ್ಯಾಬಿನ್ ಇರುತ್ತಿದ್ದ ಜಾಗದಲ್ಲೇ, ಒಂದು ಪ್ಲಾಸ್ಟಿಕ್ ಸ್ಟೂಲು. ಅದರ ಮೇಲೆ ತಾವೂಜಿ ರಸ್ತೆಗೆ ಮುಖ ಮಾಡಿ, ಟ್ಯಾಂಕಿಗೆ ಬೆನ್ನು ಒರಗಿಸಿ ಕೂತಿದ್ದರು. ನಾನು ಎದುರಿಗೆ ನಿಂತರೂ ಅವರಿಗೆ ಗುರುತು ಸಿಗಲಿಲ್ಲ, ಕಣ್ಣು ಇನ್ನಷ್ಟು ಹಾಳಾಗಿತ್ತು.

"ತಾವೂಜಿ!" ಎಂದೆ, ಸಂತೋಷಕ್ಕೆ ದನಿ ಸ್ವಲ್ಪ ಜೋರಾಗಿಯೇ ಬಂತು.

ಅವರು ಬೆಚ್ಚಿಬಿದ್ದು ಟ್ಯಾಂಕಿನಿಂದ ಬೆನ್ನು ಕಿತ್ತುಕೊಂಡು ಎದ್ದು ನಿಂತರು. ಆಮೇಲೆ ಮೀಸೆಯಡಿ ನಕ್ಕು, "ಅಚ್ಛಾ, ಮದ್ರಾಸಿ ಬೇಟಾ" ಎಂದರು. ಟ್ಯಾಂಕು ಕೊಂಡ ಕಂಟ್ರಾಕ್ಟರಿನ ಹತ್ತಿರ ತಾವೇ ಹೋಗಿ, ಇದರ ಜೊತೆ ನನ್ನನ್ನೂ ತಗೊಂಡು ಹೋಗು ಎಂದು ಕೇಳಿದರಂತೆ. ಈಗ ನೀರಿಗೆ ಕಾವಲು. ಟ್ಯಾಂಕು ಹೊರುತ್ತಿದ್ದ ಗಾಡಿ ಎಲ್ಲಿ ಎಂದು ಕೇಳಿದೆ. ಯಾರೋ ಮರಳು ಹೊಡೆಯುವವರು ಕೊಂಡರು ಎಂದರು. ಮಾತಾಡುವಾಗಲೂ ನಿಂತೇ ಇದ್ದರು. ಬನಿಯನ್ನಿನ ಬೆನ್ನೆಲ್ಲ ಒಣಗಿತ್ತು.

ನಾನು ಸ್ಟೂಲನ್ನು ಅವರ ಹತ್ತಿರಕ್ಕೆ ಸರಿಸಿದೆ. "ಕೂತ್ಕೊಳ್ಳಿ ತಾವೂಜಿ, ಒರಗಿಕೊಳ್ಳಿ. ಈಗ ಏನೂ ಆಗಲ್ಲ."

ಅವರು ಕೂತರು, ಒರಗಲಿಲ್ಲ. ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸಿ ಮುಂದೆ ಹೋಯಿತು. ಆ ಸದ್ದು ದೂರವಾಗುವವರೆಗೂ ಕಿವಿಗೊಟ್ಟರು.

"ಗೊತ್ತು ಬೇಟಾ" ಎಂದರು. "ನಿಂತ ಗಾಡಿಗೆ ಇನ್ನೇನಾಗುತ್ತೆ?"